ತಾತ ಮಲಗಿ ನೋಡಿದ ಗಾಡಿ

ಮೊನ್ನೆ ನಮ್ಮ ಓಣಿಯಲ್ಲಿ ಯಾರದೋ ಮದುವೆಗೆ ಪೆಂಡಾಲ್ ಹಾಕಲು ಬಂದವರು ಹಳೇ ತಾಡಪತ್ರಿಯ ಸುರುಳಿ ಬಿಚ್ಚಿದರು. ಒದ್ದೆ ಇದ್ದಾಗಲೇ ಸುತ್ತಿಟ್ಟಿದ್ದರೋ ಏನೋ, ಬೂಷ್ಟು ಹಿಡಿದ ಕ್ಯಾನ್ವಾಸಿನ ವಾಸನೆ ಭಪ್ಪಂತ ಮೂಗಿಗೆ ಹೊಡೆಯಿತು. ಮೊಸರಿನ ಪಾಕೀಟು ಹಿಡಿದು ಗೇಟಿನ ಹತ್ತಿರ ನಿಂತವಳು ನಿಂತೇಬಿಟ್ಟೆ. ಒಳಗಿನಿಂದ ನಮ್ಮವರು "ಏನಾತ?" ಅಂದರು. "ಮಧುರವಾಡದ ವಾಸನಿ ಬಂತರೀ" ಅಂದೆ. ಅವರಿಗೆ ತಿಳಿಯಿತು. ಬೇರೇನೂ ಕೇಳದೆ ಪೇಪರು ಓದತೊಡಗಿದರು.

ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ನಾವಿಬ್ಬರೂ ಬ್ಯಾಂಕಿನವರು. ಅವರು ಆಫೀಸರು, ನಾನು ಕ್ಲರ್ಕು. ಧಾರವಾಡದ ಜೋಳದ ರೊಟ್ಟಿ ತಿಂದು ಬೆಳೆದ ನಮ್ಮನ್ನು ಬ್ಯಾಂಕು ಎತ್ತಿ ವಿಶಾಖಪಟ್ಟಣಕ್ಕೆ ಒಗೆದಿತ್ತು. ದ್ವಾರಕಾ ನಗರದಲ್ಲಿ ಬಾಡಿಗೆ ಮನೆ. ಜೊತೆಗೆ ನಮ್ಮ ಅತ್ತೆ, ಅಂದರೆ ಇವರ ತಾಯಿ. ಬಂದ ಎರಡನೇ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡರು. ಎಲುಬು ಸರಿಯಾಗಿ ಕೂಡಲೇ ಇಲ್ಲ. ಮಲಗಿದರೆ ಆರಾಮ, ಕೂಡಿಸಿದರೆ ಕೂಗಾಟ. ಹಾಗಾಗಿ ಮಲಗಿದಲ್ಲೇ ಎರಡು ವರ್ಷ. ಮಲಗಿದಲ್ಲಿಂದಲೇ ಮನೆ ನಡೆಸುತ್ತಿದ್ದರು ಅನ್ನಿ, ಒಲೆಯ ಮೇಲಿನ ಸಾರಿಗೆ ಉಪ್ಪು ಕಡಿಮೆಯಾದದ್ದು ಹಾಸಿಗೆಯಲ್ಲೇ ಗೊತ್ತಾಗುತ್ತಿತ್ತು ಅವರಿಗೆ.

ನಾವಿಬ್ಬರೂ ಬ್ಯಾಂಕಿಗೆ ಹೋದ ಮೇಲೆ ಅತ್ತೆಗೆ ದಿಕ್ಕಾಗಿದ್ದವರು ಎದುರುಮನೆಯ ತಾತ. ಎಪ್ಪತ್ತು ದಾಟಿದ ಒಣಕಲು ಆಸಾಮಿ. ರೈಲ್ವೆಯಲ್ಲಿ ಇದ್ದವರು. ವಿಜಯವಾಡ ಜಂಕ್ಷನ್ನಿನಲ್ಲಿ ರೈಲು ಬಂದು ನಿಂತ ಕೂಡಲೇ ಉದ್ದ ಕಾವಿನ ಸುತ್ತಿಗೆ ಹಿಡಿದು ಒಂದೊಂದೇ ಗಾಲಿಗೆ ಠಣ್ ಠಣ್ ಅಂತ ಬಡಿಯುತ್ತ ಹೋಗುತ್ತಿದ್ದರಲ್ಲ, ಆ ಕೆಲಸ. ದನಿ ಕೇಳಿ ಗಾಲಿ ಬಿರುಕು ಬಿಟ್ಟಿದೆಯೋ ಇಲ್ಲವೋ ಹೇಳಬೇಕು. ಮೂವತ್ತು ವರ್ಷ ಅದನ್ನೇ ಮಾಡಿ, ರಿಟೈರಾಗಿ ಮಗನ ಮನೆಗೆ ಬಂದಿದ್ದರು. ಹರೆಯದಲ್ಲಿ ಕೆಲವು ವರ್ಷ ಹುಬ್ಬಳ್ಳಿಯಲ್ಲಿ ಇದ್ದುದರಿಂದ ಒಂದು ಥರದ ಕನ್ನಡ ಬರುತ್ತಿತ್ತು, ಅರ್ಧ ಹುಬ್ಬಳ್ಳಿ, ಅರ್ಧ ತೆಲುಗು. ಹನ್ನೊಂದು ಗಂಟೆಗೆ ಬಂದು ನಮ್ಮ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ನಾನು ಬರುವವರೆಗೂ ಏಳುತ್ತಿರಲಿಲ್ಲ. ಮಾತು ಕಡಿಮೆ. ಅತ್ತೆಯೇ ಇಬ್ಬರ ಪಾಲಿನದನ್ನೂ ಆಡುತ್ತಿದ್ದರು.

ಅತ್ತೆಗೆ ಒಬ್ಬಳೇ ತಂಗಿ. ಆಕೆಯನ್ನು ವಿಜಯವಾಡದ ತೆಲುಗು ಮನೆತನಕ್ಕೆ ಕೊಟ್ಟು ನಲವತ್ತು ವರ್ಷವಾಗಿತ್ತು. ಅಕ್ಕತಂಗಿಯರು ವರ್ಷಕ್ಕೊಮ್ಮೆ ಸೇರಿ ಎಂಟು ದಿನ ಜಗಳಾಡಿ ಹೋಗುತ್ತಿದ್ದರಂತೆ. ನಮಗೆ ಆಂಧ್ರಕ್ಕೆ ಟ್ರಾನ್ಸ್‌ಫರ್ ಆದಾಗ ಊರೆಲ್ಲ ಅತ್ತರೂ ಅತ್ತೆ ಮಾತ್ರ ಕುಣಿದದ್ದು ಇದಕ್ಕೇ. ಈಗ ನೋಡಿದರೆ ಅಕ್ಕನಿಗೆ ಸೊಂಟ ಹೋಗಿತ್ತು, ತಂಗಿಗೆ ಎದೆ. ಹಾರ್ಟು ದಣಿದಿದೆ, ಮನೆಯ ಹೊಸಿಲು ದಾಟಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಒಂದು ದಿನ ತಂಗಿಯ ಮಗನಿಂದ ಕಾರ್ಡು ಬಂತು. ಅಮ್ಮ ದಿನಾ ಅಕ್ಕನನ್ನು ಕೇಳುತ್ತಾಳೆ, ಇನ್ನು ಹೆಚ್ಚು ದಿನ ಕಾಣುವುದಿಲ್ಲ, ಏನಾದರೂ ಮಾಡಿ ಅಂತ.

"ಒಮ್ಮೆ ಅಕೀ ಮಾರಿ ನೋಡಿದ್ರ ಸಾಕವಾ. ಆಮ್ಯಾಲೆ ನನ್ನ ಎಲ್ಲೆರೆ ಒಗೀರಿ" ಅಂದರು ಅತ್ತೆ.

ಹೇಗೆ ಒಯ್ಯುವುದು? ರೈಲಿನ ಬಾಗಿಲಿನಿಂದ ಒಳಗೆ ಹೋಗುವ ಇಕ್ಕಟ್ಟಿನಲ್ಲಿ ಸ್ಟ್ರೆಚರ್ ತಿರುಗುವುದಿಲ್ಲ. ಇವರು ಸ್ಟೇಷನ್ನಿಗೆ ಹೋಗಿ ಟೇಪು ಹಿಡಿದು ಅಳೆದು ಬಂದಿದ್ದರು. ಇನ್ನು ಆಂಬುಲೆನ್ಸು. ಬಿದ್ದಾಗ ಆಸ್ಪತ್ರೆಯಿಂದ ಮನೆಗೆ ಅದರಲ್ಲೇ ಕರೆತಂದಿದ್ದೆವು. ನಾಲ್ಕೇ ಕಿಲೋಮೀಟರು. ಅಷ್ಟರಲ್ಲಿ ಅತ್ತೆ ನಮ್ಮ ಏಳು ತಲೆಮಾರಿಗೆ ಬೈದಿದ್ದರು. "ಇನ್ನೊಮ್ಮೆ ಅದರಾಗ ಹತ್ತೂದಂದ್ರ ಹೆಣಾ ಆದಮ್ಯಾಲನ" ಎಂದು ಆಣೆ ಬೇರೆ ಹಾಕಿದ್ದರು. ವಿಜಯವಾಡ ಮುನ್ನೂರೈವತ್ತು ಕಿಲೋಮೀಟರು ದೂರ.

ಆಗಲೇ ನಮ್ಮವರ ಕಣ್ಣಿಗೆ ಆ ಗಾಡಿ ಬಿತ್ತು. ಉಕ್ಕಿನ ಕಾರ್ಖಾನೆಯ ಕೆಲಸಕ್ಕೆ ಬಂದಿದ್ದ ಯಾವನೋ ಪರದೇಶದ ಎಂಜಿನಿಯರು ತನ್ನೂರಿಗೆ ಹೋಗುವಾಗ ಒಬ್ಬ ಕಾಂಟ್ರಾಕ್ಟರಿಗೆ ಬಿಟ್ಟು ಹೋದ ಗಾಡಿ. ಎಂಜಿನ್ ಇಲ್ಲ, ಜೀಪಿನ ಹಿಂದೆ ಸಿಕ್ಕಿಸಿ ಎಳೆಯಬೇಕು. ಅರ್ಧ ಪೆಟ್ಟಿಗೆ, ಅರ್ಧ ಡೇರೆ. ನಡುವೆ ತಗಡಿನ ಗೋಡೆ, ಕಿಟಕಿ, ಪುಟ್ಟ ಒಲೆ, ಕೈ ತೊಳೆಯುವ ತೊಟ್ಟಿ. ಎರಡೂ ಕೊನೆಗಳಲ್ಲಿ ಗೋಡೆಯನ್ನೇ ಕೆಳಗೆ ಬೀಳಿಸಿದರೆ ಅದು ಮಂಚವಾಗುತ್ತದೆ, ಮೇಲೆ ಕ್ಯಾನ್ವಾಸಿನ ಡೇರೆ ಬಿಚ್ಚಿಕೊಳ್ಳುತ್ತದೆ. ಕಾಂಟ್ರಾಕ್ಟರು ಅದನ್ನು ಮಧುರವಾಡದ ತನ್ನ ಮಾವಿನ ತೋಪಿನಲ್ಲಿ ನಿಲ್ಲಿಸಿ, ಗಿರಾಕಿಗಾಗಿ ಕಾಯುತ್ತಿದ್ದ. ಇವರು ನೋಡಿ ಬಂದವರು ಆ ದಿನ ಊಟವನ್ನೇ ಸರಿಯಾಗಿ ಮಾಡಲಿಲ್ಲ.

"ಹಾಸಿಗಿ ಅಂದ್ರ ಹಾಸಿಗಿ! ಆರಾಮ ಕಾಲು ಚಾಚಿ ಮಲಗಬಹುದು. ಅವ್ವ ಕಿಟಕಿಯಾಗ ಊರು ನೋಡಕೋತ ಹೋಗ್ತಾಳ."

"ನಮ್ಮ ಹತ್ರ ಇರೋದು ಸ್ಕೂಟರು. ಅದಕ್ಕ ಕಟ್ಟಿ ಎಳೀತೀರೇನು?" ಅಂದೆ. ಜೀಪು ಬಾಡಿಗೆಗೆ ಸಿಗುತ್ತದಂತೆ, ಕೆಲಸ ಮುಗಿದ ಮೇಲೆ ಗಾಡಿ ಮಾರಿಬಿಟ್ಟರಾಯಿತಂತೆ, ಎಲ್ಲಕ್ಕೂ ಉತ್ತರ ತಯಾರು. ಹುಚ್ಚು ಹಿಡಿದವರಿಗೆ ಹೇಳುವವರು ಯಾರು? ಅತ್ತೆಯೂ ಅದೇ ಹುಚ್ಚಿಗೆ ಸೇರಿದರು. ತಂಗಿಗೆ ಇಷ್ಟವೆಂದು ಶೇಂಗಾ ಚಟ್ನಿ ಕುಟ್ಟಿಸಿದರು, ಗಂಟು ಕಟ್ಟಿಸಿದರು. ನಾನೂ ಸೋತೆ. ಆದರೂ ಕೊಳ್ಳುವ ಮುಂಚೆ ತಾತನಿಗೆ ಒಮ್ಮೆ ತೋರಿಸೋಣ, ಕಬ್ಬಿಣ ತಿಳಿದವರು ಅಂತ ಹೇಳಿದ್ದು ಮಾತ್ರ ನಾನೇ. ನನ್ನ ಬದುಕಿನಲ್ಲಿ ಸರಿಯಾಗಿ ಆಡಿದ ಮಾತುಗಳು ಬಹಳಿಲ್ಲ, ಅದೊಂದು.

ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಮಧುರವಾಡಕ್ಕೆ ಹೋದೆವು. ಅತ್ತೆಯ ಹತ್ತಿರ ತಾತನ ಸೊಸೆ ಕೂತಿದ್ದಳು. ಈಗ ಅಲ್ಲಿ ಕಾಲಿಡಲು ಜಾಗವಿಲ್ಲವಂತೆ, ಆಗ ಮಾವು, ಗೇರು, ಕೆಂಪು ಮಣ್ಣು ಅಷ್ಟೇ. ತಾತನ ಕೈಯಲ್ಲಿ ಒಂದು ಅರಿವೆಯ ಚೀಲ. ಅದರಲ್ಲಿ ಅವರ ಸುತ್ತಿಗೆ, ಬ್ಯಾಟರಿ, ಒಂದು ಕಟ್ಟು ಊದುಬತ್ತಿ, ಹಿತ್ತಾಳೆಯ ಚೆಂಬು. ಊದುಬತ್ತಿ ನೋಡಿ ಗಾಡಿಗೆ ಪೂಜೆ ಮಾಡಲು ತಂದಿದ್ದಾರೆ ಅಂದುಕೊಂಡೆ ನಾನು, ಪೆದ್ದಿ.

ಕಾಂಟ್ರಾಕ್ಟರು ಮೊದಲೇ ಗಾಡಿಯನ್ನು ಬಿಚ್ಚಿ ಅಣಿ ಮಾಡಿ ಇಟ್ಟಿದ್ದ. ಹೂವಿನ ಚಾದರ ಹಾಸಿದ್ದ. ತಾತ ಒಳಗೆ ಇಣುಕಿ ಕೂಡ ನೋಡಲಿಲ್ಲ. ಚಪ್ಪಲಿ ಬಿಟ್ಟು, ಗಾಡಿಯ ಸುತ್ತ ಮೂರು ಸಲ ಸುಮ್ಮನೆ ನಡೆದರು. ಆಮೇಲೆ ಎಪ್ಪತ್ತು ದಾಟಿದ ಆ ಮನುಷ್ಯ ಪಂಚೆ ಎತ್ತಿ ಕಟ್ಟಿ ಅಂಗಾತ ಮಲಗಿ ಗಾಡಿಯ ಅಡಿಗೆ ತೂರಿದರು. ಕಾಲು ಮಾತ್ರ ಹೊರಗೆ. ಒಳಗಿನಿಂದ ಠಣ್... ಠಣ್... ಒಂದೊಂದು ಪೆಟ್ಟಿಗೂ ನಡುವೆ ಬಿಡುವು. ಪೆಟ್ಟಿನ ಸದ್ದು ಪೂರ್ತಿ ಸಾಯುವವರೆಗೆ ಕಾದು ಮುಂದಿನ ಪೆಟ್ಟು. ತೋಪಿನ ಹಕ್ಕಿಗಳೂ ಸುಮ್ಮನಾದ ಹಾಗೆ ನನಗೆ ಅನಿಸಿತು. ಅರ್ಧ ಗಂಟೆಯಾದ ಮೇಲೆ ಹೊರಬಂದು, "ಟೈರಿನ ರಬ್ಬರು ಮೂಗ ಪ್ರಾಣಿ ಅಮ್ಮಾ. ಕಬ್ಬಿಣ ಬಾಯಿ ಬಿಡ್ತದೆ. ಇದು ಸುಳ್ಳು ಹೇಳ್ತಿಲ್ಲ, ಮಂಚಿ ಕಬ್ಬಿಣ" ಅಂದರು. ಮಂಚಿ ಅಂದರೆ ಒಳ್ಳೆಯದು. ಇವರು ನನ್ನ ಕಡೆ ಗೆದ್ದವರ ಹಾಗೆ ನೋಡಿದರು.

ಆಮೇಲೆ ಒಳಗೆ. ಬರಿಗಾಲಿನ ಹಿಮ್ಮಡಿ ಊರಿ ನೆಲದ ಹಲಗೆಯನ್ನು ಗೇಣು ಗೇಣು ತುಳಿದರು. ಒಂದು ಮೂಲೆಯಲ್ಲಿ ನಿಂತು ಬಗ್ಗಿ ಮೂಸಿದರು. ಅಲ್ಲಿ ಹಲಗೆ ಮೆತ್ತಗಾಗಿತ್ತು, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಕ್ಯಾನ್ವಾಸಿನ ಮಡಿಕೆಗಳೊಳಗೆ ಮುಖ ಹುದುಗಿಸಿ ಉಸಿರೆಳೆದರು. ಆಗಲೇ ಆ ಬೂಷ್ಟಿನ ವಾಸನೆ ನಮ್ಮೆಲ್ಲರ ಮೂಗಿಗೂ ಬಂದದ್ದು. ಬಾಗಿಲು ಕಿಟಕಿ ಮುಚ್ಚಿಸಿ ಊದುಬತ್ತಿ ಹಚ್ಚಿದರು. ಗೋಡೆಯೂ ಕ್ಯಾನ್ವಾಸೂ ಕೂಡುವ ಹೊಲಿಗೆಯ ಉದ್ದಕ್ಕೂ ಅದನ್ನು ಮೆಲ್ಲಗೆ ನಡೆಸುತ್ತ ಹೋದರು. ಹೊಗೆ ನೆಟ್ಟಗೆ ಏರುತ್ತಿದ್ದದ್ದು ಎರಡು ಕಡೆ ಸರಕ್ಕನೆ ಒಳಕ್ಕೆ ಬಾಗಿತು. ಅಲ್ಲಿ ಗಾಳಿ ನುಗ್ಗುತ್ತಿದೆ, ಅಂದರೆ ಮಳೆಯೂ ನುಗ್ಗುತ್ತದೆ. ಅಬ್ಬಾ! ಊದುಬತ್ತಿಯಿಂದ ದೇವರನ್ನು ಬಿಟ್ಟು ಇನ್ನೇನನ್ನಾದರೂ ಕಾಣಬಹುದು ಅಂತ ನನಗೆ ಗೊತ್ತೇ ಇರಲಿಲ್ಲ. ಆ ಎರಡು ತಾಸು ನಾನು ಬಾಯಿ ತೆರೆದುಕೊಂಡೇ ನಿಂತಿದ್ದೆ. ದೊಡ್ಡ ದೊಡ್ಡ ಇನ್‌ಸ್ಪೆಕ್ಷನ್ನುಗಳನ್ನು ಬ್ಯಾಂಕಿನಲ್ಲಿ ಕಂಡವಳು ನಾನು. ಇಂಥ ತಪಾಸಣೆ ಮುಂಚೆಯೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

"ಸಣ್ಣ ಸಣ್ಣ ರಿಪೇರಿ ಬಾಬು. ಮಾಡಿಸಿದ್ರ ಆಗ್ತದೆ" ಅಂದರು. ನಮ್ಮವರು ಕಾಂಟ್ರಾಕ್ಟರಿನ ಕೈ ಕುಲುಕಲು ಕೈ ಮುಂದೆ ಮಾಡಿದ್ದರು. ಅಷ್ಟರಲ್ಲಿ ತಾತ ಆ ಹೂವಿನ ಚಾದರದ ಹಾಸಿಗೆಯನ್ನು ನೋಡುತ್ತ ಕೇಳಿದರು, "ಇದು ಓಡುವಾಗ ಈ ಮಂಚ ಎಲ್ಲಿ ಇರ್ತದೆ?"

ಮಂಚವೇ ಗೋಡೆಯಲ್ಲವೇ? ಓಡಬೇಕಾದರೆ ಗೋಡೆ ಎತ್ತಿ ಮುಚ್ಚಬೇಕು. ಮುಚ್ಚಿದರೆ ಮಂಚ ಎಲ್ಲಿಯದು? ನಿಂತಲ್ಲಿ ಮಾತ್ರ ಅದು ಮನೆ, ಹೊರಟ ಕೂಡಲೇ ಪೆಟ್ಟಿಗೆ. ಮನೆಯಲ್ಲಿ ಇಬ್ಬರು ಬ್ಯಾಂಕಿನವರು, ನೂರು ಕಾಗದ ತಿರುವಿ ಹಾಕಿ ಒಂದು ಸಾಲ ಕೊಡುವವರು. ಹದಿನೈದು ದಿನದಿಂದ ಹಾಸಿಗೆಯ ಉದ್ದ ಅಗಲ ಮಾತಾಡಿದ್ದೆವೇ ಹೊರತು ಇದು ಹೊಳೆದಿರಲಿಲ್ಲ. ಇವರ ಮುಖ ಸಣ್ಣಗಾಯಿತು. ಕಾಂಟ್ರಾಕ್ಟರು ಚುರುಕಿನವನು, "ನಡುವಿನ ನೆಲದ ಮೇಲೆ ಪರುಪು ಹಾಕಿ ಮಲಗಿಸಬಹುದು ಸಾರ್" ಅಂದ. ಪರುಪು ಅಂದರೆ ಗಾದಿ. ಇವರಿಗೆ ಮತ್ತೆ ಜೀವ ಬಂತು. "ಹೌದಲ್ಲ, ಹಂಗ ಮಾಡಬಹುದು" ಅಂದರು.

"ಆದ್ರ ಮುಚ್ರಿ" ಅಂದರು ತಾತ. "ಗಾದಿ ಹಾಕ್ರಿ. ನಾನು ಮಲಗ್ತೀನಿ. ಆನಂದಪುರಂ ತನಕ ಎಳೀರಿ, ಮತ್ತೆ ವಾಪಸ್."

ಬೇಡವೆಂದು ಎಷ್ಟು ಹೇಳಿದೆವು! ನಾನು ಮಲಗುತ್ತೇನೆ ಅಂದರು ಇವರು. ತಾತ ತಲೆ ಅಲ್ಲಾಡಿಸಿದರು. "ನಿಮ್ಮದು ವಯಸ್ಸಿನ ಎಲುಬು ಬಾಬು. ಅದು ಹೇಳೂದಿಲ್ಲ. ನನ್ನದು ನಿಮ್ಮ ಅಮ್ಮಗಾರಿ ಎಲುಬಿನಂಥಾದ್ದೇ." ಚೆಂಬಿಗೆ ಕಂಠಮಟ್ಟ ನೀರು ತುಂಬಿಸಿ ತಲೆಯ ಹತ್ತಿರ ಇಟ್ಟುಕೊಂಡು, ಕೈ ಎರಡೂ ಎದೆಯ ಮೇಲೆ ಜೋಡಿಸಿ ಮಲಗಿದರು. ಎಳೆಯುವಾಗ ಕಾಲು ಊರಿ ತಡೆದುಕೊಳ್ಳುವುದಿಲ್ಲ, ಅಮ್ಮಗಾರು ತಡೆದುಕೊಳ್ಳಲಾರರಲ್ಲ ಅಂದರು. ಕಾಂಟ್ರಾಕ್ಟರಿನ ಜೀಪು ಗಾಡಿಯನ್ನು ಎಳೆದುಕೊಂಡು ಹೈವೇಗೆ ಇಳಿಯಿತು. ಇವರು ಜೀಪಿನಲ್ಲಿ, ನಾನು ತೋಪಿನಲ್ಲಿ. ಆ ಮುಕ್ಕಾಲು ಗಂಟೆ ಕಳೆಯುವುದರಲ್ಲಿ ನನಗೆ ಗೊತ್ತಿರುವ ದೇವರುಗಳೆಲ್ಲ ಮುಗಿದುಹೋದರು.

ಗಾಡಿ ಬಂದು ನಿಂತಿತು. ಬಾಗಿಲು ತೆಗೆದರೆ ಚೆಂಬು ಒಂದು ಮೂಲೆಯಲ್ಲಿ ಖಾಲಿ ಬಿದ್ದಿದೆ, ತಾತನ ಅಂಗಿಯೆಲ್ಲ ಒದ್ದೆ, ಹಣೆಯ ಮೇಲೆ ನೆಲ್ಲಿಕಾಯಿಯಷ್ಟು ಬಾವು. ಏಳಲು ಆಗಲಿಲ್ಲ. ಇಬ್ಬರು ಎತ್ತಿ ಮಾವಿನ ಮರದ ಬುಡಕ್ಕೆ ಕೂಡಿಸಿದೆವು. ವಾಂತಿ ಮಾಡಿಕೊಂಡರು. ನಾನು ಅಳುತ್ತ ಬೆನ್ನು ತಿಕ್ಕಿದೆ. ಸ್ವಲ್ಪ ಹೊತ್ತಿಗೆ ಮರ ಹಿಡಿದು ಎದ್ದು ಎಲ್ಲಿಗೆ ಹೋದರು ಅಂತೀರಿ? ಗಾಲಿಯ ಹತ್ತಿರ! ಮುಂಗೈ ತಿರುಗಿಸಿ ಎರಡೂ ಗಾಲಿಯ ನಡುವಿನ ಗುಂಬಕ್ಕೆ ಮುಟ್ಟಿಸಿ ಬಿಸಿ ನೋಡಿದರು. "ಎಡಗಡೆದು ಬಿಸಿ ಆಗ್ಯಾದೆ. ಗ್ರೀಸು ಹಾಕಿಸ್ರಿ" ಅಂತ ಕಾಂಟ್ರಾಕ್ಟರಿಗೆ ಹೇಳಿ, ನಮ್ಮ ಕಡೆ ತಿರುಗಿದರು.

"ಗಾಡಿ ಚೊಲೋ ಐತಿ. ಯಾರರೆ ತಗೊಳ್ಳಿ. ಅಮ್ಮಗಾರಿಗೆ ಬ್ಯಾಡ. ಎರಡೇ ಗಾಲಿ, ತಲಿ ಏಳ್ತದೆ, ಕಾಲು ಬೀಳ್ತದೆ. ಅರ್ಧ ದಾರಿ, ರಾಜಮಂಡ್ರಿ ತನಕಾನೂ ತಡಿಯೂದಿಲ್ಲ ಆ ತಾಯಿ."

ನಮ್ಮವರು ನೆಲ ನೋಡುತ್ತ ನಿಂತರು. ಅವ್ವನಿಗೆ ಏನು ಹೇಳಲಿ ಅಂತ ಅವರ ಚಿಂತೆ. ಆ ಕೆಲಸವನ್ನೂ ತಾತನೇ ಮಾಡಿದರು. ಮನೆಗೆ ಬಂದು, ಹಣೆಗೆ ಅರಿಶಿನ ಮೆತ್ತಿಕೊಂಡೇ ಅತ್ತೆಯ ಮಂಚದ ಪಕ್ಕ ಕೂತು ನಡೆದದ್ದನ್ನೆಲ್ಲ ಹೇಳಿದರು. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದರು. "ಹಂಗಾರ ನಾ ಅಕೀನ್ನ ನೋಡೂದಿಲ್ಲ ಅಂದಂಗಾತು" ಅಂದರು. ಆ ದನಿ ಅವರದಲ್ಲವೇ ಅಲ್ಲ ಅನಿಸಿತು ನನಗೆ.

"ನೋಡ್ತೀರಿ. ನಾಲ್ಕು ದಿನ ಕೊಡ್ರಿ" ಅಂದವರೇ ತಾತ ಕಿಸೆಯಿಂದ ದಾರ ತೆಗೆದು ಅತ್ತೆಯನ್ನು ಅಳೆಯತೊಡಗಿದರು. ನೆತ್ತಿಯಿಂದ ಹಿಮ್ಮಡಿಗೆ, ಭುಜದಿಂದ ಭುಜಕ್ಕೆ. ಅತ್ತೆಗೆ ಸಿಟ್ಟು ಬಂತು. "ಜೀವಾ ಇದ್ದವರನ್ನ ಹಿಂಗ ಅಳೀತಾರೇನೋ ಮಾರಾಯಾ!" ಅಂದರು. ಅವರ ದನಿ ಮರಳಿ ಬಂದದ್ದು ಕೇಳಿ ನನಗೆ ಸಮಾಧಾನವಾಯಿತು.

ನಾಲ್ಕು ದಿನ ತಾತ ನೋವಿನ ಸೊಂಟ ಹಿಡಿದುಕೊಂಡೇ ಸ್ಟೇಷನ್ನಿಗೆ ಅಡ್ಡಾಡಿದರು. ಐದನೇ ದಿನ ವಿಷಯ ಹೇಳಿದರು. ಕೆಲವು ಡಬ್ಬಿಗಳಲ್ಲಿ ಅಪಾಯದ ಹೊತ್ತಿಗೆಂದು ಒಂದು ಕಿಟಕಿಗೆ ಸರಳು ಇರುವುದಿಲ್ಲ. ಪೂರ್ತಿ ಮೇಲಕ್ಕೆ ಎತ್ತಬಹುದು. ಅದರ ಅಗಲಕ್ಕಿಂತ ಅತ್ತೆಯ ಭುಜ ಮೂರು ಬೆರಳು ಕಡಿಮೆ. ಕಿಟಕಿಯೊಳಗೆ ನೆಟ್ಟಗೆ ಹೋದರೆ ಎಡಕ್ಕೇ ಕೆಳಗಿನ ಬರ್ತು, ತಿರುಗಿಸುವ ಮಾತೇ ಇಲ್ಲ. ಆ ಕಿಟಕಿ ಗಾಲಿಯ ಮೇಲೆ ಬರದೆ ಡಬ್ಬಿಯ ನಡುವಿಗೆ ಬರುವ ರೈಲು ಯಾವುದು, ಅದು ಇಲ್ಲಿಂದಲೇ ಹೊರಡುವುದರಿಂದ ಪ್ಲಾಟ್‌ಫಾರಂನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ಎಲ್ಲ ನೋಡಿಕೊಂಡು ಬಂದಿದ್ದರು. ದಾರದ ಅಳತೆಗೆ ಸರಿಯಾಗಿ ಒಂದು ಹಲಗೆ ಮಾಡಿಸಿ, ಗಾದಿ ಕಟ್ಟಿ, ಅದರ ಮೇಲೂ ತಾವೇ ಮಲಗಿ ನೋಡಿದರು.

ಹೊರಟ ದಿನ ಪ್ಲಾಟ್‌ಫಾರಂನಲ್ಲಿ ಜಾತ್ರೆ. ಮನೆಯಿಂದ ಕೈಮೇಲೆ ಹೊತ್ತು ತಂದ ಹಲಗೆಯ ಮೇಲೆ ಅತ್ತೆ, ಅತ್ತೆಯ ಎದೆಯ ಮೇಲೆ ಚಟ್ನಿಯ ಗಂಟು, ಅದನ್ನು ಯಾರ ಕೈಗೂ ಕೊಡಲಿಲ್ಲ. ಹೊರಗೆ ನಾಲ್ವರು, ಒಳಗೆ ಇಬ್ಬರು. ತಾತ "ಮೆಲ್ಲಗಾ... ಮೆಲ್ಲಗಾ..." ಅನ್ನುತ್ತಿದ್ದ ಹಾಗೆ, ಹಂಚಿನ ಮೇಲೆ ರೊಟ್ಟಿ ಬಿಟ್ಟಷ್ಟು ಸಲೀಸಾಗಿ ಅತ್ತೆ ಕಿಟಕಿಯೊಳಗೆ ಸರಿದು ಹೋದರು. ಮಂದಿ ಚಪ್ಪಾಳೆ ಹೊಡೆದರು. ದಾರಿಯುದ್ದಕ್ಕೂ ತಾತ ಎದುರಿನ ಬರ್ತಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆಯಲ್ಲ, ಗಾಲಿಯ ಸದ್ದು ಕೇಳುತ್ತಿದ್ದರು. ಗೋದಾವರಿ ಸೇತುವೆ ಬಂದಾಗ ಒಮ್ಮೆ ಕಣ್ಣು ತೆರೆದು, "ನೋವಾ ಅಮ್ಮಾ?" ಅಂತ ಕೇಳಿದರು. ಅತ್ತೆ, "ಏನೂ ಇಲ್ಲೋ ಪುಣ್ಯಾತ್ಮಾ. ತೊಟ್ಟಿಲಾಗ ಹಾಕಿದಂಗ ಆಗೇದ" ಅಂದರು.

ವಿಜಯವಾಡದಲ್ಲಿ ಯಾರು ಹೇಳಿದ್ದರೋ, ಯಾರ್ಡಿನ ಏಳೆಂಟು ಜನ ಗುರುವುಗಾರು, ಗುರುವುಗಾರು ಅನ್ನುತ್ತ ಓಡಿ ಬಂದರು. ಸ್ಟೇಷನ್ನಿನ ಹಿಂದಿನ ಎರಡನೇ ಬೀದಿಯೇ ತಂಗಿಯ ಮನೆ. ಹಲಗೆಯನ್ನು ಕಿಟಕಿಯಿಂದ ಇಳಿಸಿಕೊಂಡು ಕೈಮೇಲೆಯೇ ಒಯ್ದು ತಂಗಿಯ ಮಂಚಕ್ಕೆ ತಾಗಿಸಿ ಇಟ್ಟರು. ಇಬ್ಬರೂ ಮಲಗಿದಲ್ಲೇ ತಲೆ ಹೊರಳಿಸಿ ನೋಡಿಕೊಂಡರು. ನಲವತ್ತು ವರ್ಷದಲ್ಲಿ ತಂಗಿಯ ಕನ್ನಡ ಸವೆದುಹೋಗಿತ್ತು. "ಏಮೇ ಅಕ್ಕಾ... ಎಷ್ಟು ಬಡವಾಗೀದಿ" ಅಂದಳು. "ನೀ ಏನ್ ದೊಡ್ಡ ಪೈಲ್ವಾನ್ತಿ ಆಗೀಯೇನ? ಮುಚ್ಚ ಬಾಯಿ" ಅಂದರು ಅತ್ತೆ. ಆಮೇಲೆ ಕೈ ಚಾಚಿ ತಂಗಿಯ ಕೆನ್ನೆ ಮುಟ್ಟಿದರು. ನಾವೆಲ್ಲ ಹೊರಗೆ ಬಂದೆವು. ತಾತ ಎಲ್ಲಿ ಅಂತ ನೋಡಿದರೆ ಕಾಣಲಿಲ್ಲ. ತಮ್ಮ ಹಳೇ ಯಾರ್ಡು ನೋಡಲು ಹೋಗಿಬಿಟ್ಟಿದ್ದರು.

ಹನ್ನೊಂದು ದಿನ ಅಕ್ಕತಂಗಿ ಪಕ್ಕಪಕ್ಕ ಮಲಗಿ ಜಗಳಾಡಿದರು. ಆಮೇಲೆ ಹೋದ ಹಾಗೆಯೇ ಅತ್ತೆಯನ್ನು ಹಲಗೆಯ ಮೇಲೆ ಮರಳಿ ಕರೆತಂದೆವು. ಅದಾಗಿ ಎರಡು ತಿಂಗಳಿಗೆ ತಂಗಿ ಹೋದಳು. ಅತ್ತೆ ಅತ್ತರು, ಆದರೆ "ನೋಡಿದೆನಲ್ಲ, ಸಾಕು" ಅಂದರು. ಮುಂದಿನ ವರ್ಷ ಅವರೂ ನಮ್ಮ ಮನೆಯ ಮಂಚದ ಮೇಲೆ, ನಿದ್ದೆಯಲ್ಲೇ ಹೋದರು. ನಮಗೆ ಗದಗಿಗೆ ಟ್ರಾನ್ಸ್‌ಫರ್ ಬಂತು. ಬೀಳ್ಕೊಳ್ಳುವಾಗ ತಾತನ ಕಾಲು ಮುಟ್ಟಿದೆ. ಆ ಗಾಡಿಯಲ್ಲಿ ಮಲಗಿದಂದಿನಿಂದ ಅವರ ಸೊಂಟ ನೆಟ್ಟಗಾಗಿರಲಿಲ್ಲ, ಒಂದು ಕಡೆ ವಾಲಿಯೇ ನಡೆಯುತ್ತಿದ್ದರು. ಅದನ್ನು ನಾವೂ ಅವರೂ ಎಂದೂ ಮಾತಿಗೆ ತರಲಿಲ್ಲ.

ಗದಗಿಗೆ ಹೋಗಿ ನಾಲ್ಕೈದು ವರ್ಷವಾಗಿತ್ತು. ಒಂದು ಮಾರ್ಚಿ ತಿಂಗಳು ತಾತನ ಸೊಸೆಯ ಕಾರ್ಡು ಬಂತು. ಮಾವಯ್ಯ ಹಾಸಿಗೆ ಹಿಡಿದಿದ್ದಾರೆ, ಬ್ಯಾಂಕ್ ಅಮ್ಮ ಯಾವಾಗ ಬರುತ್ತಾಳೆ ಅಂತ ಕೇಳುತ್ತಾರೆ, ಒಮ್ಮೆ ಬಂದು ಹೋಗಿ. ಮಾರ್ಚಿ ಅಂದರೆ ಬ್ಯಾಂಕಿನವರಿಗೆ ವರ್ಷದ ಕ್ಲೋಸಿಂಗ್, ರಜೆಯ ಮಾತೆತ್ತಿದರೆ ಮ್ಯಾನೇಜರು ಕೆಕ್ಕರಿಸುವ ಕಾಲ. "ಕ್ಲೋಸಿಂಗ್ ಮುಗೀಲಿ, ಏಪ್ರಿಲ್ ಎರಡನೇ ವಾರ ಹೋಗಿ ಬಂದರಾತು" ಅಂದರು ಇವರು. ನಾನೂ ಹ್ಞೂಂ ಅಂದೆ. ಅದನ್ನೇ ಕಾರ್ಡಿನಲ್ಲಿ ಬರೆದು ಹಾಕಿದೆ. ಅದು ತಲುಪಿತೋ ಇಲ್ಲವೋ, ಏಪ್ರಿಲ್ ಮೊದಲ ವಾರ ಇನ್ನೊಂದು ಕಾರ್ಡು ಬಂತು. ಅದು ಸಾವಿನ ಕಾರ್ಡು, ತಾತ ಹೋಗಿದ್ದರು.

ಯಾವ ಮಾತನ್ನು ಹೇಗೆ ತಿರುಗಿಸಿದರೂ ಒಂದು ಉಳಿಯುತ್ತದೆ. ನಮ್ಮ ಅತ್ತೆ ತನ್ನ ತಂಗಿಯ ಮುಖ ನೋಡಲಿ ಅಂತ ಆ ಮನುಷ್ಯ ತನ್ನ ಸೊಂಟ ಕೊಟ್ಟರು. ಅವರ ಮುಖ ನೋಡಲು ನಾನು ಎರಡು ದಿನ ರಜೆ ಕೇಳಲಿಲ್ಲ. ಕೇಳಿದ್ದರೆ ಮ್ಯಾನೇಜರು ಬೈಯುತ್ತಿದ್ದ, ಬೈದು ಕೊಡುತ್ತಿದ್ದ, ಅಷ್ಟೇ.

ಈಗ ನಾವಿಬ್ಬರೂ ರಿಟೈರಾಗಿದ್ದೇವೆ. ಯಾವ ತಿಂಗಳು ಎಲ್ಲಿಗೆ ಹೋಗುತ್ತೀರಿ ಅಂತ ಕೇಳುವವರು ಯಾರೂ ಇಲ್ಲ. ಪೆಂಡಾಲಿನವರು ಹೋದ ಮೇಲೆ ಇವರು ಪೇಪರು ಮಡಿಸಿಟ್ಟು, "ಒಮ್ಮೆ ವಿಶಾಖಪಟ್ಟಣಕ್ಕ ಹೋಗಿ ಬರೋಣೇನ?" ಅಂದರು.

"ಯಾರನ್ನ ನೋಡಾಕ?" ಅಂದೆ. ಸಿಟ್ಟಿನಿಂದಲೇ ಅಂದೆ. ಅವರು ಮಡಿಸಿಟ್ಟ ಪೇಪರು ಮತ್ತೆ ಬಿಚ್ಚಿದರು.